ಡಬ್ಬಿ ಏಳುವವರೆಗೆ

"ಒತ್ತಿ," ಎಂದರು ದಫೇದಾರಮ್ಮ.

"ನಾನಾ?"

"ಆವತ್ತು ಒತ್ತಿದ್ದು ನೀವೇ ತಾನೆ? ಇವತ್ತೂ ನೀವೇ ಒತ್ತಿ. ನಾನು ಒತ್ತಿದ್ರೆ ಆಮೇಲೆ ಮುದುಕಿ ಕೆಡಿಸಿದಳು ಅಂತೀರಿ."

ಲೆನ್ಸ್ ಕಾರ್ಖಾನೆಯ ಯಜಮಾನ ಇನ್ಸ್‌ಪೆಕ್ಟರ್ ಕಡೆ ನೋಡಿದ. ಇನ್ಸ್‌ಪೆಕ್ಟರ್ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ. ಅಲ್ಲಿಂದ ಯಾವ ಸಹಾಯವೂ ಬರುವಂತಿರಲಿಲ್ಲ. ಯಜಮಾನ ಮೇಜಿನ ಕೆಳಗೆ ಬಗ್ಗಿ, ಹಳದಿಗಟ್ಟಿದ ಕಂಪ್ಯೂಟರ್ ಡಬ್ಬಿಯ ದಪ್ಪ ಗುಂಡಿಯನ್ನು ಹೆಬ್ಬೆರಳಿನಿಂದ ಅದುಮಿದ.

ಟಕ್ ಎಂದಿತು. ಒಳಗಿನ ಫ್ಯಾನು ಒಮ್ಮೆ ಕೆಮ್ಮಿ ಸುತ್ತತೊಡಗಿತು. ಡೊಳ್ಳು ಹೊಟ್ಟೆಯ ಹಳೇ ಪರದೆಯ ಮೂಲೆಯಲ್ಲಿ ಬಿಳಿ ಅಂಕಿಗಳು ಒಂದೊಂದಾಗಿ ಏರುತ್ತ ಹೋಗಿ ನಿಂತವು. ಆಮೇಲೆ ಎಲ್ಲ ಕಪ್ಪು. ಒಂದು ಗೆರೆ ಮಾತ್ರ ಮಿಣುಕು ಮಿಣುಕು ಎನ್ನುತ್ತಿತ್ತು.

"ಈಗ ಬರುತ್ತೆ," ಎಂದ ಯಜಮಾನ.

"ಬರಲಿ. ನನಗೇನು ಅವಸರ ಇಲ್ಲ." ದಫೇದಾರಮ್ಮ ಸ್ಟೂಲು ಎಳೆದುಕೊಂಡು, ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು, ಉಸ್ಸಪ್ಪಾ ಎಂದು ಕೂತರು.

ಇದೇ ಅಂಗಡಿಯಲ್ಲಿ, ಇದೇ ಮೇಜಿನ ಹಿಂದೆ, ಅಟ್ಟದ ಏಣಿಯ ಬುಡದಲ್ಲಿ ಕಂಪ್ಯೂಟರ್ ರಿಪೇರಿಯ ಡಬ್ಬಿ ಮಾಮ ಸತ್ತು ಬಿದ್ದಿದ್ದರು. ಅದು ಬಿದ್ದ ಪೆಟ್ಟಲ್ಲ, ಯಾರೋ ಹೊಡೆದ ಪೆಟ್ಟು ಎಂದು ಡಾಕ್ಟರು ಹೇಳಿದ ಮೇಲೆ, ಜೊತೆಗೆ ಕೆಲಸ ಮಾಡುತ್ತಿದ್ದ ಅವರ ಸೋದರಳಿಯನನ್ನು ಪೊಲೀಸರು ಕರೆದೊಯ್ದಿದ್ದರು. ಅವನಿನ್ನೂ ಸ್ಟೇಷನ್ನಿನಲ್ಲೇ ಇದ್ದ. ಹೇಗಾದರೂ ಬಿಡಿಸಿ ಎಂದು ಅವನ ಹೆಂಡತಿ ಬಂದು ದಫೇದಾರಮ್ಮನ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು.

ಪೊಲೀಸ್ ಕೆಲಸದಿಂದ ನಿವೃತ್ತಿಯಾಗಿ ಇನ್ನಾದರೂ ನಿದ್ದೆ ಮಾಡೋಣ ಎಂದುಕೊಂಡವರು ದಫೇದಾರಮ್ಮ. ಆದರೆ ಮೆಟ್ಟಿಲ ಮೇಲೆ ಕೂತು ಅಳುವವರನ್ನು ದಾಟಿಕೊಂಡು ಹಾಲು ತರಲು ಹೋಗುವ ವಿದ್ಯೆ ಅವರಿಗೆ ಯಾವತ್ತೂ ಬರಲಿಲ್ಲ.

"ನಿಮ್ಮ ಹೇಳಿಕೆ ಇನ್ನೊಂದು ಸಲ ಹೇಳಿ ನೋಡೋಣ," ಎಂದರು.

ಯಜಮಾನ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. "ಎಷ್ಟು ಸಲ ಹೇಳೋದಮ್ಮ? ಬೆಳಿಗ್ಗೆ ಬಂದೆ. ಬಾಗಿಲು ತೆಗೆದಿತ್ತು. ಮಾಮ ಕಾಣಲಿಲ್ಲ, ಅಳಿಯನೂ ಇರಲಿಲ್ಲ. ಕಂಪ್ಯೂಟರ್ ಆರಿತ್ತು. ಹಾಕಿದೆ. ನನ್ನ ಲೆನ್ಸಿನ ಚಿತ್ರ ಬಂತು. ಕೆಲಸ ಮುಗಿದಿದೆಯಲ್ಲ ಅಂತ ಸಮಾಧಾನ ಆಯ್ತು. ಆರಿಸಿ ಹೋದೆ."

"ಏಣಿ ಹತ್ರ?"

"ಅಲ್ಲಿ ಯಾರೂ ಬಿದ್ದಿರಲಿಲ್ಲ."

ಸೋದರಳಿಯನನ್ನು ಕಟ್ಟಿಹಾಕಿದ್ದು ಈ ಹೇಳಿಕೆಯೇ. ಅವನು ಹೇಳಿದ್ದೇ ಬೇರೆ. ಬೆಳಿಗ್ಗೆ ತಾನೇ ಅಂಗಡಿ ತೆಗೆದು, ತಾನೇ ಈ ಡಬ್ಬಿಯ ಗುಂಡಿ ಒತ್ತಿ, ಅಟ್ಟದ ಮೇಲಿದ್ದ ಮಾಮನಿಗೆ ಬರ್ತೀನಿ ಎಂದು ಕೂಗಿ ಹೇಳಿ ಪೇಟೆಗೆ ಹೋದೆ ಎಂದಿದ್ದ. ಕಾಫಿ ಕುಡಿದು, ಎರಡು ಅಂಗಡಿಗಳಲ್ಲಿ ಕೇಬಲ್ ಕೇಳಿಕೊಂಡು ವಾಪಸು ಬಂದರೆ ಡಬ್ಬಿ ಆರಿತ್ತು, ಮಾಮ ಏಣಿಯ ಕೆಳಗೆ ಬಿದ್ದಿದ್ದರು.

ಸುಳ್ಳು ಹೇಳುತ್ತಿದ್ದಾನೆ ಎಂದು ಪೊಲೀಸರು ನಂಬಿದ್ದಕ್ಕೆ ಕಾರಣವೂ ಇತ್ತು.

"ನೀವೇ ಹೇಳಿ ಅಕ್ಕ," ಎಂದ ಇನ್ಸ್‌ಪೆಕ್ಟರ್. ದಫೇದಾರಮ್ಮನ ಕೈಕೆಳಗೆ ಲಾಠಿ ಹಿಡಿಯುವುದನ್ನು ಕಲಿತವನು; ಈಗಲೂ ಅಕ್ಕ ಎನ್ನುತ್ತಿದ್ದ. "ಕಂಪ್ಯೂಟರ್ ಆನ್ ಮಾಡಿ ಯಾರಾದ್ರೂ ಪೇಟೆ ಸುತ್ತೋಕೆ ಹೋಗ್ತಾರಾ?"

"ಈ ಅಂಗಡಿಯವರು ಹೋಗ್ತಾರೆ ಸಾಹೇಬ್ರೆ."

"ಅದೂ ಅಲ್ಲದೆ ನಮ್ಮವರು ಆವತ್ತೇ ಇದನ್ನ ಹಾಕಿ ನೋಡಿದ್ರು. ಏನೂ ಬರಲಿಲ್ಲ. ಕೆಟ್ಟಿದೆ ಅಂತ ಬರ್ಕೊಂಡ್ರು."

"ಎಷ್ಟು ಹೊತ್ತು ಕಾದ್ರು?"

ಇನ್ಸ್‌ಪೆಕ್ಟರ್ ಕಿವಿ ಕೆರೆದುಕೊಂಡ. "ಎಷ್ಟು ಹೊತ್ತು ಅಂದ್ರೆ… ಕಾಯೋ ಅಷ್ಟು ಹೊತ್ತು."

"ನಿಮ್ಮವರು ಕಾಯೋ ಹೊತ್ತು ನನಗೆ ಗೊತ್ತಿಲ್ವಾ? ಬಸ್ಸು ಬರೋಕೆ ಮೊದಲೇ ಆಟೋ ಹತ್ತೋ ಜನ."

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಎರಡೂ ಕಡೆ ಸೂರಿನವರೆಗೆ ಕಪಾಟು. ಕಪಾಟು ತುಂಬ ಜನ ಎಸೆದು ಹೋದ ಕಂಪ್ಯೂಟರುಗಳು. ಕೀಬೋರ್ಡುಗಳನ್ನು ಸೌದೆ ಒಟ್ಟಿದಂತೆ ಒಟ್ಟಿದ್ದರು. ಗಾಳಿಯಲ್ಲಿ ಬೆಸುಗೆಯ ಹೊಗೆಯ ಹಳೇ ವಾಸನೆ. ಹಿಂಭಾಗದಲ್ಲಿ ಕಪಾಟುಗಳ ನಡುವೆ ಕತ್ತಲು, ಅಲ್ಲೇ ಅಟ್ಟದ ಏಣಿ, ಅದರಾಚೆ ಹಿತ್ತಲ ಬಾಗಿಲು.

ಏಣಿಗೆ ಬೆನ್ನು ಮಾಡಿ ಒಂದು ಖಾಲಿ ಪೆಟ್ಟಿಗೆಯ ಮೇಲೆ ಮಾಮನ ತಂಗಿ ಕೂತಿದ್ದಳು. ಸ್ಟೇಷನ್ನಿನಲ್ಲಿರುವವನ ತಾಯಿ. ಅಂಗಡಿ ಅಣ್ಣ ತಂಗಿ ಇಬ್ಬರ ಹೆಸರಿನಲ್ಲೂ ಇದ್ದುದರಿಂದ, ಬೀಗಮುದ್ರೆ ತೆಗೆಯುವಾಗ ಮನೆಯವರು ಇರಲಿ ಎಂದು ಇನ್ಸ್‌ಪೆಕ್ಟರೇ ಕರೆಸಿದ್ದ. ಬಂದಾಗಿನಿಂದ ಆಕೆ ತುಟಿ ಬಿಚ್ಚಿರಲಿಲ್ಲ.

ಅದೊಂದು ದಫೇದಾರಮ್ಮನ ಮನಸ್ಸಿನಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಮಗ ಸ್ಟೇಷನ್ನಿನಲ್ಲಿದ್ದರೆ ತಾಯಂದಿರು ಏನು ಮಾಡುತ್ತಾರೆಂದು ಅವರು ಕಾಣದವರಲ್ಲ. ಡಬ್ಬಿಯಲ್ಲಿ ಊಟ ಹಿಡಿದುಕೊಂಡು ಗೇಟಿನ ಹತ್ತಿರ ನಿಲ್ಲುತ್ತಾರೆ. ಹೊಡೆದರಾ, ಮಲಗಿದನಾ, ಹೊದ್ದುಕೊಳ್ಳಲು ಏನಾದರೂ ಕೊಟ್ಟರಾ ಎಂದು ಕಂಡಕಂಡವರನ್ನು ಕೇಳುತ್ತಾರೆ. ಈಕೆ ಒಂದು ಸಲವೂ ಕೇಳಿರಲಿಲ್ಲ. ಅಣ್ಣನ ದುಃಖ ಬಾಯಿ ಕಟ್ಟಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಪರದೆಯ ಮೇಲೆ ಗೆರೆ ಇನ್ನೂ ಮಿಣುಕುತ್ತಿತ್ತು. ಡಬ್ಬಿಯೊಳಗಿಂದ ಕರ ಕರ, ಕರ ಕರ ಎಂದು ಇಲಿ ಹಲಗೆ ಕಡಿಯುವಂಥ ಸದ್ದು.

"ಏನದು ಸದ್ದು?" ಎಂದ ಇನ್ಸ್‌ಪೆಕ್ಟರ್.

"ಡಿಸ್ಕಂತೆ. ಅಳಿಯನ ಹತ್ರ ಮಾತಾಡಿದಾಗ ಹೇಳಿದ. ಹೊಸಾ ಆಪರೇಟಿಂಗ್ ಸಿಸ್ಟಂಗೆ ಜಾಗ ಜಾಸ್ತಿ ಬೇಕು, ಹಳೇ ಡಬ್ಬಿಯಲ್ಲಿ ಮೆಮೊರಿ ಇರೋದು ಚೂರು. ಗೇಣಗಲದ ಕಟ್ಟೆ ಮೇಲೆ ಊರಿಗೆಲ್ಲ ಅಡಿಗೆ ಮಾಡಿದ ಹಾಗೆ. ಒಂದು ಪಾತ್ರೆ ಇಡಬೇಕಾದ್ರೆ ಇನ್ನೊಂದು ತೆಗೆದು ಹಿತ್ತಲಿಗೆ ಇಟ್ಟು ಬರಬೇಕು. ಆ ಓಡಾಟದ ಸದ್ದು ಅದು."

"ಅಷ್ಟು ಕಷ್ಟ ಯಾಕೆ? ಹೊಸದು ತಗೊಂಡ್ರೆ ಆಗ್ತಿರಲಿಲ್ವಾ?"

ಉತ್ತರ ಕೊಟ್ಟವನು ಯಜಮಾನ. ತನ್ನ ಕಷ್ಟದ ಮಾತು ಬಂದ ಕೂಡಲೇ ಅವನಿಗೆ ಗಂಟಲು ಬಂತು. "ಲೆನ್ಸ್ ಉಜ್ಜೋ ಮೆಷಿನ್ನು ಸಾರ್ ನಮ್ಮದು. ಅದನ್ನ ಓಡಿಸೋ ಕಾರ್ಡು ಈ ಡಬ್ಬಿಗೆ ಬಿಟ್ರೆ ಬೇರೆ ಯಾವುದಕ್ಕೂ ಕೂರಲ್ಲ. ಮೆಷಿನ್ ಮಾಡಿದ ಕಂಪೆನಿ ಮುಚ್ಚಿ ಎಷ್ಟು ಕಾಲ ಆಯ್ತೋ. ಈಗ ಲೆನ್ಸ್ ಕೊಳ್ಳೋರು ಹೇಳ್ತಾರೆ, ಹಳೇ ಸಿಸ್ಟಂ ಸೇಫ್ ಅಲ್ಲ, ಹೊಸದು ಹಾಕಿಸಿ, ಇಲ್ಲದಿದ್ರೆ ಆರ್ಡರ್ ಬೇರೆಯವರಿಗೆ. ಊರೆಲ್ಲ ತಿರುಗಿದೆ. ಎಲ್ಲರೂ ನಕ್ಕರು. ಮಾಮ ಒಬ್ಬರು ನಗಲಿಲ್ಲ. ಇಟ್ಟು ಹೋಗು, ಎಬ್ಬಿಸ್ತೀನಿ ಅಂದ್ರು."

"ಮುಂಚೆ ಹಳೇ ಸಿಸ್ಟಂ ಇದ್ದಾಗ ಹೇಗಿತ್ತು ಇದು?" ದಫೇದಾರಮ್ಮ ಮೆಲ್ಲಗೆ ಕೇಳಿದರು.

"ಚಿನ್ನದಂಗಿತ್ತು. ಗುಂಡಿ ಒತ್ತಿದ್ರೆ ಚಪ್ಪಲಿ ಬಿಟ್ಟು ಕೂರೋದ್ರೊಳಗೆ ಚಿತ್ರ ಬರ್ತಿತ್ತು."

"ಹೂಂ."

ಆ ಹೂಂ ಯಜಮಾನನಿಗೆ ಹಿಡಿಸಲಿಲ್ಲ. ಪರದೆ ನೋಡಿದ. ಗೆರೆಯ ಕೆಳಗೆ ಈಗ ಇನ್ನೊಂದು ಸಾಲು ಬಂದಿತ್ತು. ಅಷ್ಟೇ.

ಎದುರಿನ ಟೈಲರ್ ತನ್ನ ಮೆಷಿನ್ ಬಿಟ್ಟು ಬಾಗಿಲ ಬಳಿ ಬಂದು ಇಣುಕಿದ. ಕತ್ತಿನಲ್ಲಿ ಅಳತೆಯ ಟೇಪು, ಬಾಯಲ್ಲಿ ದಾರ.

"ಇನ್ನೂ ಏಳಲಿಲ್ವಾ ಕುಂಭಕರ್ಣ?" ಎಂದ. "ಮಾಮ ಇದ್ದಾಗ ನಾನು ಒಂದು ಪ್ಯಾಂಟಿನ ಎರಡು ಕಾಲು ಹೊಲಿದು ಮುಗಿಸ್ತಿದ್ದೆ ಇದು ಏಳೋದ್ರೊಳಗೆ. ಗುಂಡಿ ಒತ್ತೋರು, ಬಾಗಿಲ ಮುಂದೆ ಗುಡಿಸೋರು, ನನ್ನ ಹತ್ರ ಬಂದು ಹರಟೆ ಹೊಡೆಯೋರು, ಆಮೇಲೆ ಹೋಗೋರು."

"ನೀವು ಒಂದು ಹೇಳಿ," ಎಂದರು ದಫೇದಾರಮ್ಮ. "ಆವತ್ತು ಈ ಯಜಮಾನರು ಒಳಗೆ ಹೋಗಿ ಎಷ್ಟು ಹೊತ್ತಿಗೆ ಹೊರಗೆ ಬಂದ್ರು?"

"ಪೊಲೀಸರಿಗೆ ಹೇಳಿದ್ದೀನಲ್ಲ. ಒಂದು ಗುಂಡಿ ಹೊಲಿಯೋಕೆ ಕೂತಿದ್ದೆ, ಇವರು ಹೋಗಿದ್ದು ಕಂಡೆ. ದಾರ ಕಚ್ಚಿ ತಲೆ ಎತ್ತೋದ್ರೊಳಗೆ ಹೊರಗೆ ಬಂದು ಸರಸರ ಹೋದ್ರು. ನಮಸ್ಕಾರ ಅಂದೆ, ತಿರುಗಿ ನೋಡಲಿಲ್ಲ. ಬಾಕಿ ದಿನ ಹಲ್ಲು ಕಿರಿಯೋರು."

"ಆಯ್ತು, ಹೋಗಿ. ನಿಮ್ಮ ಗಿರಾಕಿ ಕಾಯ್ತಿದ್ದಾರೆ."

"ಕಾಯಲಿ ಬಿಡಿ, ಪ್ಯಾಂಟು ನನ್ನ ಹತ್ರ ಇದೆ, ಎಲ್ಲಿಗೆ ಹೋಗ್ತಾರೆ," ಎನ್ನುತ್ತ ಟೈಲರ್ ಒಲ್ಲದ ಮನಸ್ಸಿನಿಂದ ರಸ್ತೆ ದಾಟಿದ.

ಕರ ಕರ, ಕರ ಕರ.

ದಫೇದಾರಮ್ಮ ಎದ್ದು ಹೋಗಿ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದರು. ಕಪಾಟಿನ ಮೇಲಿನ ಧೂಳನ್ನು ಬೆರಳಲ್ಲಿ ಗೀರಿ ನೋಡಿದರು. ಮಾಮನ ಕನ್ನಡಕದ ಖಾಲಿ ಡಬ್ಬಿಯನ್ನು ಮುಚ್ಚಿ ನೆಟ್ಟಗೆ ಇಟ್ಟರು. ವಾಪಸು ಬಂದು ಕೂತರು. ಪರದೆಯಲ್ಲಿ ನಾಲ್ಕೈದು ಸಾಲು ಸೇರಿದ್ದವು, ಚಿತ್ರವಿಲ್ಲ.

"ಇವತ್ತು ನಿಧಾನ ಆಗಿದೆ," ಎಂದ ಯಜಮಾನ. ಅವನ ದನಿ ತೆಳ್ಳಗಾಗಿತ್ತು.

"ಇವತ್ತಲ್ಲ ಸ್ವಾಮಿ. ಹೊಸ ಸಿಸ್ಟಂ ಹಾಕಿದಾಗಿನಿಂದ ದಿನಾ ಹೀಗೇ. ನಿಮಗೆ ಗೊತ್ತಿಲ್ಲ. ಯಾಕೆಂದ್ರೆ ಹೊಸದು ಹಾಕಿದ ಮೇಲೆ ನೀವು ಇದನ್ನ ಒಂದು ಸಲವೂ ಎಬ್ಬಿಸಿಲ್ಲ. ಹಳೇ ನೆನಪಿನ ಮೇಲೆ ಸುಳ್ಳು ಕಟ್ಟಿದ್ರಿ. ಕಾರ್ಖಾನೆಯಲ್ಲಿ ಹೇಗೆ ಎದ್ದು ಬರ್ತಿತ್ತೋ ಹಾಗೇ ಬಂತು ಅಂದ್ಬಿಟ್ರಿ."

"ನಾನು…"

"ಟೈಲರ್ ಒಂದು ಗುಂಡಿ ಹೊಲಿಯೋ ಹೊತ್ತು ನೀವು ಒಳಗಿದ್ದದ್ದು. ಅಷ್ಟರಲ್ಲಿ ನಿಮಗೆ ಲೆನ್ಸಿನ ಚಿತ್ರ ಕಾಣಿಸಿತು ಅಂದ್ರೆ, ಬಹಳ ಮುಂಚೆಯೇ ಯಾರೋ ಇದನ್ನ ಹಾಕಿಟ್ಟು ಹೋಗಿದ್ರು. ಅಂದ್ರೆ ಆ ಅಳಿಯ ಹೇಳಿದ್ದೇ ನಿಜ." ದಫೇದಾರಮ್ಮ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಏನಂತೀರಿ ಸಾಹೇಬ್ರೆ?"

ಇನ್ಸ್‌ಪೆಕ್ಟರ್ ಬಾಗಿಲು ಬಿಟ್ಟು ಬಂದು ಪರದೆಗೆ ಮುಖ ಹಚ್ಚಿ ನೋಡಿದ. ಇನ್ನೊಂದು ಸಾಲು ಬಂತು. ಅವನು ನಿಟ್ಟುಸಿರು ಬಿಟ್ಟ. ಅವನಿಗೂ ನಿದ್ದೆಯಿಲ್ಲ, ಮೇಲಿನವರು ದಿನಕ್ಕೆ ಮೂರು ಹೊತ್ತು ಊಟ ಕೇಳಿದಂತೆ ಈ ಕೇಸಿನ ಬಗ್ಗೆ ಕೇಳುತ್ತಿದ್ದರು.

"ಅವನ ಮೇಲೆ ನನ್ನ ಹತ್ರ ಇದ್ದದ್ದು ಈ ಸುಳ್ಳೊಂದೇ ಅಕ್ಕ. ಅದು ಅವನದಲ್ಲ ಅಂದ ಮೇಲೆ ಯಾವ ಮುಖ ಇಟ್ಕೊಂಡು ಕೂರಿಸ್ಕೊಳ್ಳಲಿ?" ಎಂದು ಫೋನ್ ತೆಗೆದು ಹೊರಗೆ ಮೆಟ್ಟಿಲಿಗೆ ಹೋದ. "ಹಲೋ… ಆ ಅಳಿಯನ್ನ ಕಳಿಸಿ. ಹೂಂ, ಈಗಲೇ. ಕರೆದಾಗ ಬರಬೇಕು ಅಂತ ಹೇಳಿ ಕಳಿಸಿ," ಎಂದದ್ದು ಒಳಗೂ ಕೇಳಿಸಿತು.

ಎದೆಯ ಮೇಲಿನ ಭಾರವೊಂದು ಸರಿದಂತಾಯಿತು ದಫೇದಾರಮ್ಮನಿಗೆ. ಹಿಂದೆ ಹೋಗಿ, ಪೆಟ್ಟಿಗೆಯ ಮೇಲೆ ಕೂತಿದ್ದವಳ ಭುಜದ ಮೇಲೆ ಕೈಯಿಟ್ಟರು.

"ತಾಯಿ, ನಿಮ್ಮ ಮಗನನ್ನ ಬಿಟ್ರು. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರ್ತಾನೆ."

ಅಳುತ್ತಾಳೆ ಎಂದುಕೊಂಡಿದ್ದರು. ಕೈ ಮುಗಿದರೂ ಮುಗಿಯಬಹುದು, ತಡೆಯಬೇಕು ಎಂದುಕೊಂಡಿದ್ದರು. ಆಕೆ ತಲೆಯೆತ್ತಿದಾಗ ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾಕೆ ಬಿಟ್ರಿ?" ಎಂದಳು.

"ಏನಂದ್ರಿ?"

"ನಿಮ್ಮನ್ನ ಯಾರು ಕೇಳಿದ್ರು? ಯಾಕೆ ಬಿಡಿಸಿದ್ರಿ ಅವನನ್ನ?"

ಮುಂದುಗಡೆ ಏನೋ ಬಿದ್ದ ಸದ್ದಾಯಿತು. ಯಜಮಾನ ಎದ್ದು ನಿಂತಿದ್ದ, ಅವನ ಕುರ್ಚಿ ಉರುಳಿತ್ತು.

"ಅಮ್ಮಾ, ಇನ್ನು ನನ್ನ ಕೈಲಾಗಲ್ಲ," ಎಂದ. ದಫೇದಾರಮ್ಮನಿಗಲ್ಲ, ಆಕೆಗೆ. "ನೀವು ಹೇಳಿದ ಹಾಗೇ ಹೇಳಿದೆ. ನನ್ನ ಸುಳ್ಳು ಬಿದ್ದುಹೋಯ್ತು. ನೀವೇ ಹೇಳ್ತೀರೋ, ನಾನು ಹೇಳಲೋ?"

ಆಕೆ ಮುಖ ತಿರುಗಿಸಿದಳು.

"ಹೇಳಿ," ಎಂದರು ದಫೇದಾರಮ್ಮ ಯಜಮಾನನಿಗೆ.

"ನಾನು ಬಂದಾಗ ಇದು ಎದ್ದು ಕೂತಿತ್ತು. ಚಿತ್ರ ಕಂಡೆ, ಅದು ನಿಜ. ಮಾಮನ್ನ ಕೂಗ್ತಾ ಹಿಂದೆ ಹೋದೆ. ಏಣಿ ಹತ್ರ ಕಾಲು ಕಾಣಿಸಿತು." ಯಜಮಾನ ಡಬ್ಬಿಯ ಕಡೆ ಕೈ ತೋರಿಸಿದ. "ಆಗ ನನಗೆ ಏನು ತೋಚಿತು ಗೊತ್ತಾ? ಥೂ, ಹೇಳೋಕೆ ನಾಚಿಕೆ. ಪೊಲೀಸರು ಬಂದು ಅಂಗಡಿಗೆ ಬೀಗ ಹಾಕಿದ್ರೆ ನನ್ನ ಡಬ್ಬಿ ಒಳಗೇ ಉಳೀತದೆ, ಕಾರ್ಖಾನೆ ನಿಲ್ತದೆ, ಅಷ್ಟು ಜನ ಮನೆಗೆ ಹೋಗ್ತಾರೆ ಅಂತ. ಎತ್ತಿಕೊಂಡು ಹೋಗೋಣ ಅಂತ ವೈರು ಕಿತ್ತೆ. ಕತ್ತಲಿಂದ ಒಂದು ದನಿ ಬಂತು. ಅದನ್ನ ಮುಟ್ಟಬೇಡ, ಅಲ್ಲೇ ಬಿಡು ಅಂತ. ನೋಡಿದ್ರೆ ಇವರು. ಅಣ್ಣನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ರು."

ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತುಬಿಟ್ಟಿದ್ದ.

"ಯಾರನ್ನೂ ನೋಡಲಿಲ್ಲ, ಏಣಿ ಹತ್ರ ಏನೂ ಇರಲಿಲ್ಲ, ಡಬ್ಬಿಯೂ ಆರಿತ್ತು ಅಂತ ಹೇಳು ಅಂದ್ರು. ಯಾಕೆ ಅಂತ ಕೇಳೋ ಧೈರ್ಯ ನನಗಾಗಲಿಲ್ಲ. ನಾನು ಬಂದ ಕೆಲಸ ಅವರು ಕಂಡುಬಿಟ್ಟಿದ್ರಲ್ಲ."

ದಫೇದಾರಮ್ಮ ಆಕೆಯ ಎದುರಿಗೆ, ನೆಲದ ಮೇಲೇ ಕೂತರು. ಮೊಣಕಾಲು ಕಟಕಟ ಎಂದಿತು. ಎಷ್ಟು ಜನರ ಎದುರಿಗೆ ಹೀಗೆ ಕೂತಿದ್ದಾರೋ. ಸತ್ಯ ಕೇಳಿ ಕೇಳಿ ಕಿವಿ ದಣಿದಿದ್ದವು.

"ನೀವು ಬಂದಾಗ ಅಣ್ಣ ಬದುಕಿದ್ರಾ?"

"ಜೀವ ಇತ್ತು." ಆಕೆಯ ದನಿಯಲ್ಲಿ ಅಳು ಕೂಡ ಉಳಿದಿರಲಿಲ್ಲ. "ಹಿತ್ತಲ ಬಾಗಿಲಿಂದ ಊಟ ತಂದಿದ್ದೆ. ದಿನಾ ತರ್ತೀನಿ. ಬಂದು ನೋಡಿದ್ರೆ ಹೀಗೆ. ಡಾಕ್ಟರನ್ನ ಕರೀತೀನಿ ಅಂದೆ. ಸೆರಗು ಬಿಡಲಿಲ್ಲ. ಯಾರೋ ಹೊಡೆದ್ರು ಅಂದ, ಯಾರು ಅಂತ ಹೇಳೋಕೆ ಉಸಿರು ಸಾಲಲಿಲ್ಲ. ಅವರು ಬಂದದ್ದು ನಿನ್ನ ಮಗನನ್ನ ಮುಗಿಸೋಕೆ, ನಾನು ಅಡ್ಡ ಬಂದೆ ಅಷ್ಟೇ ಅಂದ. ಅವನು ಹೊರಗಿದ್ರೆ ಉಳಿಸಲ್ಲ, ಒಳಗೆ ಹಾಕಿಸು, ಪೊಲೀಸರ ಹತ್ರ ಇದ್ರೆ ಮುಟ್ಟಲ್ಲ ಅಂದ. ಅದೇ ಕೊನೆ."

"ನನಗೆ ಯಾಕೆ ಹೇಳಲಿಲ್ಲ? ಸಾಹೇಬ್ರಿಗೆ ಯಾಕೆ ಹೇಳಲಿಲ್ಲ?"

"ಯಾರು ಅಂತಲೇ ಗೊತ್ತಿಲ್ಲದಾಗ ಯಾರನ್ನ ನಂಬಲಿ? ನೀವು ಯಾರೋ, ನಿಮ್ಮ ಸಾಹೇಬ್ರು ಯಾರೋ. ಹೇಳಿದ್ರೆ, ಪಾಪ ಅಂತ ಮನೆಗೆ ಕಳಿಸ್ತಿದ್ರಿ. ಅಣ್ಣನ ತಲೆ ನೆಲದ ಮೇಲಿಟ್ಟು, ಹಿತ್ತಲಿಂದ ಹೋಗಿಬಿಟ್ಟೆ. ಮಗ ಬಂದು ನೋಡಲಿ, ಅವನ ಕೈಗೇ ರಕ್ತ ಅಂಟಲಿ, ಅವನನ್ನೇ ಹಿಡೀಲಿ ಅಂತ." ಆಕೆ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ಹೆತ್ತ ಮಗನ್ನ ಕೊಲೆಗಾರ ಮಾಡಿದೆ. ಬದುಕಿರ್ತಾನಲ್ಲ ಅಂತ."

ದಫೇದಾರಮ್ಮ ಏಳಲು ಹೋಗಿ, ಮೊಣಕಾಲು ಕೈಕೊಟ್ಟು, ಕಪಾಟು ಹಿಡಿದು ನಿಂತರು. "ಫೋನ್ ಮಾಡಿ ಸಾಹೇಬ್ರೆ. ನಿಲ್ಲಿಸಿ ಅವನನ್ನ. ಬೇಗ!"

ಇನ್ಸ್‌ಪೆಕ್ಟರ್ ಅಷ್ಟರಲ್ಲೇ ಒತ್ತಿಯಾಗಿತ್ತು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ರಿಂಗಾಯಿತು. ರಿಂಗಾಗುತ್ತಲೇ ಇತ್ತು.

ಅವರ ಬೆನ್ನ ಹಿಂದೆ ಡಬ್ಬಿಯ ಕರಕರ ನಿಂತಿತು. ಪರದೆಯ ಕತ್ತಲಲ್ಲಿ ಹಸಿರು ಗೆರೆಯ ದುಂಡನೆಯ ಲೆನ್ಸೊಂದು ಮೆಲ್ಲಗೆ ಮೂಡಿ ತಿರುಗತೊಡಗಿತು. ಇಷ್ಟು ಹೊತ್ತು ಅದಕ್ಕಾಗಿ ಕಾದವರಲ್ಲಿ ಒಬ್ಬರೂ ಅತ್ತ ನೋಡಲಿಲ್ಲ.

"ಸಾರ್," ಎಂದಿತು ಫೋನು.

"ಆ ಅಳಿಯ ಎಲ್ಲಿ?"

"ಆಗಲೇ ಕಳಿಸಿದೆ ಸಾರ್. ನೀವೇ ಈಗಲೇ ಅಂದ್ರಲ್ಲ."

"ಒಬ್ಬನೇ ಹೋದನಾ?"

"ಇಲ್ಲ ಸಾರ್, ಕರ್ಕೊಂಡು ಹೋಗೋಕೆ ಇಬ್ಬರು ಬಂದಿದ್ರು. ಕಾರಿನಲ್ಲಿ. ಹೆಂಡತಿ ಕಡೆ ಸಂಬಂಧಿಕರು ಅಂದ್ರು."

ಪೆಟ್ಟಿಗೆಯ ಮೇಲಿನಿಂದ ಆಕೆ ಎದ್ದಳು. "ನನ್ನ ಸೊಸೆಗೆ ಕಡೆಯವರಾ? ಅವಳಿಗೆ ಹಿಂದಿಲ್ಲ ಮುಂದಿಲ್ಲ. ಅನಾಥಾಶ್ರಮದಲ್ಲಿ ಬೆಳೆದವಳು ಅವಳು."

ಇನ್ಸ್‌ಪೆಕ್ಟರ್ ಫೋನನ್ನು ಬಾಯಿಯ ಹತ್ತಿರ ತಂದ. "ನಾನು ಫೋನ್ ಮಾಡಿ ಇನ್ನೂ ಏನು ಹೊತ್ತಾಯ್ತು? ಅಷ್ಟರಲ್ಲಿ ಅವರಿಗೆ ಯಾರು ಹೇಳಿದ್ರು?"

"ಈಗ ಬಂದವರಲ್ಲ ಸಾರ್. ಬೆಳಿಗ್ಗೆ ನಾನು ಡ್ಯೂಟಿಗೆ ಬರೋಕೆ ಮೊದಲೇ ಹೊರಗೆ ಬೆಂಚಿನ ಮೇಲೆ ಕೂತಿದ್ರು. ಯಾಕೆ ಅಂತ ಕೇಳಿದೆ. ಇವತ್ತು ಬಿಡ್ತಾರೆ, ಕಾಯ್ತೀವಿ ಅಂದ್ರು."

ಇನ್ಸ್‌ಪೆಕ್ಟರ್ ಫೋನ್ ಕೆಳಗಿಳಿಸಿ ದಫೇದಾರಮ್ಮನನ್ನು ನೋಡಿದ. "ಅಕ್ಕ, ಈ ಪರೀಕ್ಷೆ ಮಾಡೋಣ ಅಂತ ನೀವು ನನಗೆ ಹೇಳಿದ್ದೇ ನಾನು ಸ್ಟೇಷನ್ನಿಗೆ ಬಂದು ಕಾಫಿ ಕುಡಿದ ಮೇಲೆ. ಯಜಮಾನರನ್ನ, ಈ ತಾಯಿಯನ್ನ ಕರೆಸಿದ್ದು ಅದಾದ ಮೇಲೆ. ಅದಕ್ಕೂ ಮೊದಲು ಯಾರಿಗೆ ಗೊತ್ತಿತ್ತು?"

ನಿನ್ನೆ ಸಂಜೆ ಒಬ್ಬಳ ಕಣ್ಣೊರೆಸಿ, ಕೈಗೆ ಕಾಫಿ ಲೋಟ ಕೊಟ್ಟು, ಅಳಬೇಡಮ್ಮ, ನಾಳೆ ಆ ಡಬ್ಬಿ ಹಾಕಿಸ್ತೀನಿ, ನಿನ್ನ ಗಂಡ ಹೊರಗೆ ಬರ್ತಾನೆ ಎಂದು ದಫೇದಾರಮ್ಮನೇ ಬಾಯಾರೆ ಹೇಳಿದ್ದರು.

ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಆ ಹೆಣ್ಣುಮಗಳಿಗೆ.